ಮುಟ್ಟದ ಸಾಲು ಯಾಕೆ ಬದಲಾಗುತ್ತದೆ?

ವಿಕಿಪೀಡಿಯದ ಒಂದು ಲೇಖನದಲ್ಲಿ ಒಂದೇ ಒಂದು ಕಾಗುಣಿತದ ತಪ್ಪು ತಿದ್ದುತ್ತೀರಿ ಎಂದುಕೊಳ್ಳಿ. ಆಮೇಲೆ ಪುಟದ ಇತಿಹಾಸ ತೆರೆದು ನೋಡಿದರೆ ನಿಮ್ಮ ಹೆಸರಿನಲ್ಲಿ ಹತ್ತಾರು ಸಾಲು ಬದಲಾಗಿವೆ. ಎಲ್ಲೋ ಕೆಳಗಿದ್ದ ಕೋಷ್ಟಕದ ಖಾಲಿ ಜಾಗಗಳು ಹೋಗಿವೆ. ಯಾರೋ ಸಾಲುಸಾಲಾಗಿ ಜೋಡಿಸಿಟ್ಟಿದ್ದ ಮಾಹಿತಿ ಒಂದೇ ಉದ್ದನೆಯ ಸಾಲಾಗಿದೆ. ಓದುಗರಿಗೆ ಪುಟ ಮೊದಲಿನಂತೆಯೇ ಕಾಣುತ್ತದೆ. ಆದರೆ ಆ ಪುಟದ ಮೇಲೆ ಕಣ್ಣಿಟ್ಟಿರುವ ಸಂಪಾದಕರಿಗೆ ನೀವು ನಿಜವಾಗಿ ಏನು ಬದಲಿಸಿದಿರಿ ಎಂದು ಹುಡುಕುವುದೇ ಕಷ್ಟ. ವಿಕಿ ಸಂಪಾದಕರು ಇದನ್ನು ಡರ್ಟಿ ಡಿಫ್, ಅಂದರೆ ಕೊಳಕು ವ್ಯತ್ಯಾಸ, ಎನ್ನುತ್ತಾರೆ.

ಈಗ ಇದೇ ದೂರು ಇನ್ನೊಂದು ಬಾಗಿಲಿಂದ ಬಂದಿದೆ. ಚಾಟ್‌ಬಾಟ್‌ಗೆ ಒಂದು ಕಡತ ಕೊಟ್ಟು "ಈ ಒಂದು ಹೆಸರು ಮಾತ್ರ ಬದಲಿಸು" ಎಂದರೆ ಅದು ಇಡೀ ಕಡತವನ್ನು ಹೊಸದಾಗಿ ಬರೆದು ಕೊಡಬಹುದು. ಹೆಸರು ಬದಲಾಗಿರುತ್ತದೆ. ಜೊತೆಗೆ ನೀವು ಕೇಳದ ಇನ್ನೂ ನಾಲ್ಕು ಕಡೆ ಏನೋ ಬದಲಾಗಿರುತ್ತದೆ.

ಎರಡರ ಬೇರೂ ಒಂದೇ. ಒಂದೇ ವಿಷಯಕ್ಕೆ ಎರಡು ರೂಪ ಇರುತ್ತದೆ: ಮನುಷ್ಯರು ಬರೆಯಲು, ತಿದ್ದಲು ಒಂದು, ಯಂತ್ರ ಅರ್ಥಮಾಡಿಕೊಂಡು ತೋರಿಸಲು ಇನ್ನೊಂದು. ಅಲ್ಲಿಂದ ಇಲ್ಲಿಗೆ ಹೋಗುವುದು ಸುಲಭ. ಹೋಗಿ, ಒಂದು ಕಡೆ ಮಾತ್ರ ತಿದ್ದಿ, ಉಳಿದದ್ದನ್ನು ಕೆಡಿಸದೆ ವಾಪಸ್ ಬರುವುದು ತುಂಬಾ ಕಷ್ಟ. ಈ ಕಷ್ಟವನ್ನು ಎಲ್ಲರ ಕಣ್ಣೆದುರೇ, ದೊಡ್ಡ ಪ್ರಮಾಣದಲ್ಲಿ ಅನುಭವಿಸಿ ದಾರಿ ಕಂಡುಕೊಂಡದ್ದು ವಿಕಿಪೀಡಿಯ. ಹಾಗಾಗಿ ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

2001ರ ಜನವರಿಯಲ್ಲಿ ವಿಕಿಪೀಡಿಯ ಶುರುವಾದಾಗ ಅದು ಯೂಸ್‌ಮೋಡ್‌ವಿಕಿ ಎಂಬ ಪರ್ಲ್ ಪ್ರೋಗ್ರಾಂ ಮೇಲೆ ನಡೆಯುತ್ತಿತ್ತು. 2002ರಲ್ಲಿ ಪಿಎಚ್‌ಪಿಯಲ್ಲಿ ಬರೆದ ಹೊಸ ತಂತ್ರಾಂಶ ಬಂತು. ಅದೇ ಮುಂದೆ ಮೀಡಿಯಾವಿಕಿ ಆಯಿತು. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ ಕೂಡ ಅದರ ಮೇಲೆಯೇ ಬೆಳೆಯಿತು. ಪುಟ ಹೇಗೆ ಕಾಣಬೇಕು ಎಂದು ಬ್ರೌಸರ್‌ಗೆ ಹೇಳುವ ಭಾಷೆ ಎಚ್‌ಟಿಎಂಎಲ್. ಇಲ್ಲಿ ಬರೆಯುವವರು ಅದನ್ನು ಕಲಿಯಬೇಕಿಲ್ಲ. ಪದದ ಎರಡೂ ಕಡೆ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಅಕ್ಷರ ದಪ್ಪಗಾಗುತ್ತದೆ. == ಇತಿಹಾಸ == ಎಂದು ಬರೆದರೆ ಅದು ಶೀರ್ಷಿಕೆ. ಕೊಂಡಿ ಬೇಕಾದರೆ [[ಮೈಸೂರು]]. ವಿಭಕ್ತಿ ಸೇರಿಸಬೇಕಾದರೆ [[ಮೈಸೂರು|ಮೈಸೂರಿನಲ್ಲಿ]]. ಇದಕ್ಕೆ ವಿಕಿಟೆಕ್ಸ್ಟ್ ಎಂದು ಹೆಸರು.

ಇದನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಒಂದೇ ದಿಕ್ಕು. ಮನುಷ್ಯರು ವಿಕಿಟೆಕ್ಸ್ಟ್ ಬರೆಯುತ್ತಾರೆ, ಸರ್ವರ್ ಅದನ್ನು ಎಚ್‌ಟಿಎಂಎಲ್ ಮಾಡುತ್ತದೆ, ಬ್ರೌಸರ್ ತೋರಿಸುತ್ತದೆ. ಎಚ್‌ಟಿಎಂಎಲ್‌ನಿಂದ ವಾಪಸ್ ಬರುವ ಪ್ರಶ್ನೆಯೇ ಆಗ ಇರಲಿಲ್ಲ. ಅದಕ್ಕೇ ವಿಕಿಟೆಕ್ಸ್ಟ್‌ಗೆ ಬರೆದಿಟ್ಟ ವ್ಯಾಕರಣವೂ ಇರಲಿಲ್ಲ. ಒಂದಾದ ಮೇಲೊಂದು ಹುಡುಕು-ಬದಲಿಸು ಹೆಜ್ಜೆಗಳೇ ಜಾಸ್ತಿ. ಇನ್ನೊಂದು ವಿಶೇಷ ಎಂದರೆ, ಇದರಲ್ಲಿ 'ತಪ್ಪು' ಎಂಬುದೇ ಇಲ್ಲ. ಏನು ಬರೆದರೂ ಅದು ಒಪ್ಪಿತ. ದಪ್ಪಕ್ಷರ ಶುರುಮಾಡಿ ಮುಗಿಸಲು ಮರೆತಿರಾ? ಸಾಲಿನ ಕೊನೆಗೆ ಸರ್ವರ್ ತಾನೇ ಮುಗಿಸುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ. ಬೈಯದೆ ಕಲಿಸುವ ವ್ಯವಸ್ಥೆ ಇದ್ದದ್ದರಿಂದಲೇ ಅಷ್ಟು ಜನ ಬರೆದರು ಎಂದು ನಾನು ನಂಬುತ್ತೇನೆ. ಆದರೆ ವರ್ಷಗಟ್ಟಲೆ ಹೀಗೆ ಬರೆದ ಅರೆಬರೆ ಸಾಲುಗಳೆಲ್ಲ ಉಳಿದುಕೊಂಡವು. ಅವೆಲ್ಲವೂ ಹೇಗೆ ಕಾಣಬೇಕೋ ಹಾಗೆಯೇ ಕಾಣುತ್ತಲೂ ಇದ್ದವು.

ಈಗ ತಿರುಗಿ ಬರುವ ಕಷ್ಟ ಎಲ್ಲಿದೆ ನೋಡಿ. [[ಮೈಸೂರು]] ಎಂದು ಬರೆದರೂ, [[ಮೈಸೂರು|ಮೈಸೂರು]] ಎಂದು ಬರೆದರೂ ಪುಟದಲ್ಲಿ ಕಾಣುವ ಕೊಂಡಿ ಒಂದೇ. ಶೀರ್ಷಿಕೆಯ ಸಮ ಚಿಹ್ನೆಗಳ ಪಕ್ಕ ಜಾಗ ಬಿಟ್ಟರೂ ಬಿಡದಿದ್ದರೂ ಫಲ ಒಂದೇ. ಕನ್ನಡ ವಿಕಿಯಲ್ಲಿ ಇದು ಇನ್ನೂ ಒಂದು ಮೆಟ್ಟಿಲು ಮುಂದೆ ಹೋಗುತ್ತದೆ. [[ವರ್ಗ:ಕರ್ನಾಟಕದ ನದಿಗಳು]] ಎಂದು ಕನ್ನಡದಲ್ಲಿ ಬರೆಯಬಹುದು. 'ವರ್ಗ' ಇರುವ ಕಡೆ ಅದರ ಇಂಗ್ಲಿಷ್ ಹೆಸರನ್ನೂ ಬರೆಯಬಹುದು. ಸರ್ವರ್‌ಗೆ ಎರಡೂ ಒಂದೇ. 'ಚಿತ್ರ' ಎಂಬುದಕ್ಕೂ ಹಾಗೆಯೇ. ಒಂದು ಲೇಖನದಲ್ಲಿ ಒಬ್ಬರು ಕನ್ನಡದ ಹೆಸರು ಬಳಸಿರುತ್ತಾರೆ, ಇಂಗ್ಲಿಷ್ ವಿಕಿಯಿಂದ ಅನುವಾದಿಸಿದ ಇನ್ನೊಬ್ಬರು ಇಂಗ್ಲಿಷಿನದನ್ನೇ ಬಿಟ್ಟಿರುತ್ತಾರೆ. ಸಿದ್ಧವಾದ ಎಚ್‌ಟಿಎಂಎಲ್ ಮಾತ್ರ ಕೈಯಲ್ಲಿದ್ದರೆ ಯಾರು ಯಾವುದನ್ನು ಬರೆದಿದ್ದರು ಎಂದು ಹೇಳುವುದು ಸಾಧ್ಯವೇ ಇಲ್ಲ. ಹಲವು ದಾರಿಗಳು ಒಂದೇ ಊರಿಗೆ ಬಂದು ಸೇರಿದ ಮೇಲೆ, ಬಂದವರನ್ನು ನೋಡಿ ಅವರು ಯಾವ ದಾರಿ ಹಿಡಿದಿದ್ದರು ಎಂದು ಹೇಳಲು ಆಗುತ್ತದೆಯೇ?

ಟೆಂಪ್ಲೇಟುಗಳದ್ದು, ಅಂದರೆ ಹಲವು ಪುಟಗಳು ಹಂಚಿಕೊಂಡು ಬಳಸುವ ಸಿದ್ಧ ಅಚ್ಚುಗಳದ್ದು, ಇದಕ್ಕಿಂತ ಗಂಭೀರವಾದ ಸಂಗತಿ. ಲೇಖನದಲ್ಲಿ ಎರಡು ಜೊತೆ ಪುಷ್ಪಾವರಣದ ನಡುವೆ ಟೆಂಪ್ಲೇಟಿನ ಹೆಸರು ಮತ್ತು ನಾಲ್ಕೈದು ವಿವರ ಬರೆದಿರುತ್ತಾರೆ. ಪುಟದಲ್ಲಿ ಅದು ಬಣ್ಣ, ಗೆರೆ, ಚಿತ್ರ ಎಲ್ಲ ಇರುವ ಮಾಹಿತಿ ಚೌಕಟ್ಟಾಗಿ ಅರಳುತ್ತದೆ. ವಾಪಸ್ ಬರುವಾಗ ಈ ಅರಳಿದ ಚೌಕಟ್ಟನ್ನೇ ಸಾಲುಸಾಲಾಗಿ ಬರೆದಿಟ್ಟರೆ ಪುಟವೇನೋ ಸರಿಯಾಗಿ ಕಾಣುತ್ತದೆ. ಆದರೆ ಟೆಂಪ್ಲೇಟಿನೊಂದಿಗಿನ ನಂಟು ಕಡಿದುಹೋಯಿತು. ನಾಳೆ ಆ ಟೆಂಪ್ಲೇಟನ್ನು ಯಾರಾದರೂ ಸುಧಾರಿಸಿದರೆ ಈ ಪುಟಕ್ಕೆ ಅದು ತಲುಪುವುದಿಲ್ಲ. ಇನ್ನು ಕೆಲವು ಕಡೆ ಒಂದು ಟೆಂಪ್ಲೇಟು ಕೋಷ್ಟಕವನ್ನು ತೆರೆಯುತ್ತದೆ, ಹತ್ತು ಸಾಲು ಬಿಟ್ಟು ಇನ್ನೊಂದು ಟೆಂಪ್ಲೇಟು ಮುಚ್ಚುತ್ತದೆ. ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ಅರ್ಥವಿಲ್ಲ.

ಈ ಹಿನ್ನೆಲೆಯಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ವಿಷುಯಲ್ ಎಡಿಟರ್ ಮಾಡಲು ಹೊರಟಿತು. ವರ್ಡ್‌ನಲ್ಲಿ ಟೈಪ್ ಮಾಡಿದಂತೆ ಲೇಖನ ತಿದ್ದಲು ಆಗಬೇಕು ಎಂಬುದು ಆಸೆ. ಅದಕ್ಕೆ ಬೇಕಾದ ಎರಡು ದಿಕ್ಕಿನ ಭಾಷಾಂತರಕಾರನೇ ಪಾರ್ಸಾಯ್ಡ್. 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿಷುಯಲ್ ಎಡಿಟರನ್ನು ಎಲ್ಲರಿಗೂ ಮೊದಲ ಆಯ್ಕೆಯಾಗಿ ಕೊಟ್ಟರು. ಹಳೆಯ ಸಂಪಾದಕರು ಸಿಟ್ಟಾದರು. ಕೆಲವು ಲೇಖನಗಳ ನಡುವೆ ಚೆಸ್ ಆಟದ ಪದಾತಿಯ ಚಿಹ್ನೆ ♙ ಬಂದು ಕೂತಿತ್ತು. ಎಲ್ಲೆಂದರಲ್ಲಿ 'ನೋವಿಕಿ' ಟ್ಯಾಗುಗಳು, ಅಂದರೆ ಒಳಗಿರುವುದನ್ನು ವಿಕಿ ಗುರುತು ಎಂದು ಓದಬೇಡ ಎನ್ನುವ ಸಂಕೇತಗಳು, ಹುಟ್ಟಿಕೊಳ್ಳುತ್ತಿದ್ದವು. ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಸಮುದಾಯ ಅದನ್ನು ಮೊದಲ ಆಯ್ಕೆಯ ಸ್ಥಾನದಿಂದ ಇಳಿಸಿತು.

ಆ ಸಿಟ್ಟನ್ನು 'ಹಳಬರ ಹಟ' ಎಂದು ತಳ್ಳಿಹಾಕಿದವರಿದ್ದರು. ನನಗೆ ಹಾಗೆ ಅನಿಸುವುದಿಲ್ಲ. ಅವರು ಕೇಳುತ್ತಿದ್ದದ್ದು ತುಂಬಾ ನ್ಯಾಯವಾದ ಮಾತು: ನಾನು ಬರೆದದ್ದನ್ನು ಯಾರೂ ಮುಟ್ಟದಿದ್ದರೆ ಅದು ಹಾಗೆಯೇ ಇರಬೇಕು. ಅಲ್ವಾ?

ಗಣಕವಿಜ್ಞಾನದಲ್ಲಿ ಈ ನ್ಯಾಯಕ್ಕೆ ಆಗಲೇ ಒಂದು ಹೆಸರಿತ್ತು. 2000ರ ದಶಕದ ನಡುವೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಪಿಯರ್ಸ್, ನೇಟ್ ಫಾಸ್ಟರ್ ಮತ್ತು ಅವರ ಜೊತೆಗಾರರು 'ಲೆನ್ಸ್' ಎಂಬ ವಿಚಾರವನ್ನು ಬೆಳೆಸಿದರು. ಮೂಲ ಒಂದು, ಅದರಿಂದ ತೆಗೆದ ನೋಟ ಇನ್ನೊಂದು. ನೋಟವನ್ನು ತಿದ್ದಿ ಮೂಲಕ್ಕೆ ಹಿಂತಿರುಗಿಸುವಾಗ ಮುಖ್ಯವಾಗಿ ಎರಡು ನಿಯಮ. ನೋಟದಲ್ಲಿ ಏನೂ ಬದಲಿಸದಿದ್ದರೆ ಮೂಲದ ಒಂದಕ್ಷರವೂ ಬದಲಾಗಕೂಡದು. ನೋಟದಲ್ಲಿ ಏನು ಬದಲಿಸಿದಿರೋ, ಮೂಲದಿಂದ ಮತ್ತೆ ನೋಟ ತೆಗೆದಾಗ ಅದು ಸರಿಯಾಗಿ ಅಷ್ಟೇ ಕಾಣಬೇಕು. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಹಿಂತಿರುಗಿಸುವ ಕೆಲಸಕ್ಕೆ ತಿದ್ದಿದ ನೋಟ ಒಂದೇ ಸಾಲದು, ಹಳೆಯ ಮೂಲವೂ ಪಕ್ಕದಲ್ಲಿರಬೇಕು. ಇದೇ ಇಡೀ ಸಮಸ್ಯೆಯ ಬೀಗದಕೈ.

ಪಾರ್ಸಾಯ್ಡ್ ಮಾಡಿದ್ದೂ ಅದನ್ನೇ. ವಿಕಿಟೆಕ್ಸ್ಟನ್ನು ಎಚ್‌ಟಿಎಂಎಲ್ ಮಾಡುವಾಗ ಪ್ರತಿ ಭಾಗಕ್ಕೂ ಒಂದು ಗುಟ್ಟಾದ ಗುರುತು ಅಂಟಿಸುತ್ತದೆ: ಈ ಪ್ಯಾರಾ ಮೂಲದ ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ಇತ್ತು. ಟೆಂಪ್ಲೇಟಿನಿಂದ ಅರಳಿದ ಭಾಗಕ್ಕೆ 'ಇದು ಟೆಂಪ್ಲೇಟು, ಹೆಸರು ಇದು, ಕೊಟ್ಟ ವಿವರ ಇವು' ಎಂಬ ಚೀಟಿ ಇರುತ್ತದೆ. ನೀವು ತಿದ್ದಿ ಉಳಿಸಿದಾಗ ಹಳೆಯ ಎಚ್‌ಟಿಎಂಎಲ್ ಮತ್ತು ಹೊಸದನ್ನು ಹೋಲಿಸುತ್ತದೆ. ಬದಲಾಗದ ಭಾಗಗಳಿಗೆ ಅದು ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಮೂಲ ಪಠ್ಯದಿಂದ ಆ ತುಂಡನ್ನು ಕತ್ತರಿಸಿ ಹಾಗೆಯೇ ಇಡುತ್ತದೆ. ಬದಲಾದ ಪ್ಯಾರಾಕ್ಕೆ ಮಾತ್ರ ಹೊಸ ವಿಕಿಟೆಕ್ಸ್ಟ್ ಬರೆಯುತ್ತದೆ. ಈ ವಿಧಾನದಲ್ಲಿ ವಿಕಿಟೆಕ್ಸ್ಟ್ ಪೂರ್ತಿ ಅರ್ಥವಾಗದಿದ್ದರೂ ಹಾನಿ ಕಡಿಮೆ. ಅರ್ಥವಾಗದ ಭಾಗವನ್ನು ನೀವು ಮುಟ್ಟದಿದ್ದರೆ ಅದು ಇದ್ದಂತೆಯೇ ವಾಪಸ್ ಹೋಗುತ್ತದೆ. ಜೊತೆಗೆ ಈ ತಂಡ ನಿಜವಾದ ವಿಕಿ ಪುಟಗಳನ್ನು ದೊಡ್ಡ ಸಂಖ್ಯೆಯಲ್ಲಿ ಅತ್ತ ಕಳಿಸಿ ಇತ್ತ ತರಿಸಿ, ಎಲ್ಲಿ ವ್ಯತ್ಯಾಸ ಬಂತು ಎಂದು ಸತತವಾಗಿ ಪರೀಕ್ಷಿಸುತ್ತಾ ಬಂತು.

ಹಾಗಿದ್ದರೆ ನೋವಿಕಿ ಟ್ಯಾಗುಗಳ ಕಾಟ ಯಾಕೆ ಬಂತು? ಇದು ನನಗೆ ಇಡೀ ಕತೆಯ ಅತ್ಯಂತ ಕುತೂಹಲದ ಭಾಗ. ವಿಕಿಟೆಕ್ಸ್ಟ್‌ನಲ್ಲಿ ಸಾಲಿನ ಮೊದಲು ಒಂದು ಖಾಲಿ ಜಾಗ ಬಿದ್ದರೆ ಆ ಸಾಲು ಬೇರೆಯೇ ಚೌಕದೊಳಗೆ, ಟೈಪ್‌ರೈಟರ್ ಅಕ್ಷರದಲ್ಲಿ ಕಾಣುತ್ತದೆ. ಸಾಲಿನ ಮೊದಲು ನಕ್ಷತ್ರ ಚಿಹ್ನೆ ಬಂದರೆ ಅದು ಪಟ್ಟಿ. ಈಗ ವಿಷುಯಲ್ ಎಡಿಟರ್‌ನಲ್ಲಿ ಒಬ್ಬರು ಸುಮ್ನೆ ಸಾಲಿನ ಮೊದಲು ಸ್ಪೇಸ್ ಒತ್ತಿದರು ಎಂದುಕೊಳ್ಳಿ. ಅವರ ಪರದೆಯ ಮೇಲೆ ಅದು ಸ್ಪೇಸ್ ಅಷ್ಟೇ. ಎರಡನೇ ನಿಯಮದ ಪ್ರಕಾರ ಅದು ಮತ್ತೆಯೂ ಸ್ಪೇಸ್ ಆಗಿಯೇ ಕಾಣಬೇಕು. ಹಾಗಾಗಿ ಪಾರ್ಸಾಯ್ಡ್ 'ಇದನ್ನು ವಿಕಿ ಗುರುತು ಎಂದು ಓದಬೇಡ' ಎಂದು ಹೇಳುವ ನೋವಿಕಿ ಟ್ಯಾಗು ಹಾಕುತ್ತದೆ. ಯಾರಾದರೂ ಹಳೆಯ ಅಭ್ಯಾಸದಿಂದ [[ಮೈಸೂರು]] ಎಂದು ಟೈಪ್ ಮಾಡಿದರೂ ಅದೇ ಗತಿ. ಪರದೆಯ ಮೇಲೆ ಕಂಡದ್ದು ಚೌಕಾವರಣ, ಆದ್ದರಿಂದ ಓದುಗರಿಗೂ ಚೌಕಾವರಣವೇ ಕಾಣಲಿ ಎಂದು ಅದನ್ನು ನೋವಿಕಿಯೊಳಗೆ ಸುತ್ತಿಡುತ್ತದೆ. ನಿಯಮದ ಪ್ರಕಾರ ಯಂತ್ರ ಮಾಡಿದ್ದು ನೂರಕ್ಕೆ ನೂರು ಸರಿ. ಬರೆದವರಿಗೆ ಬೇಕಾಗಿದ್ದದ್ದು ಮಾತ್ರ ಕೊಂಡಿ.

ಇದನ್ನು ಭಾಷಾಂತರದ ಹಂತದಲ್ಲಿ ಬಗೆಹರಿಸಲು ಆಗುವುದಿಲ್ಲ. ಬರೆಯುವವರ ಉದ್ದೇಶ ಏನು ಎಂದು ಅವರು ಬರೆಯುತ್ತಿರುವಾಗಲೇ ತಿಳಿಯಬೇಕು. ಕೊನೆಗೆ ವಿಷುಯಲ್ ಎಡಿಟರ್ ಕಟ್ಟಿದವರು ಆ ದಾರಿಯನ್ನೇ ಹಿಡಿದರು. ಈಗ ವಿಷುಯಲ್ ಎಡಿಟರ್‌ನಲ್ಲಿ [[ ಎಂದು ಒತ್ತಿದ ತಕ್ಷಣ ಕೊಂಡಿಯ ಪೆಟ್ಟಿಗೆ ತೆರೆಯುತ್ತದೆ, {{ ಒತ್ತಿದರೆ ಟೆಂಪ್ಲೇಟಿನದು.

ಇನ್ನೊಂದು ದಾರಿಯೂ ಇದೆ. ಎರಡೂ ರೂಪಗಳನ್ನು ಒಂದೇ ವ್ಯಾಕರಣದಿಂದ ಹುಟ್ಟಿಸುವುದು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ ಎಕ್ಸ್‌ಶುಗರ್ ಹೀಗೆಯೇ. ಓದಲು ಸುಲಭವಾದ ಬರಹ ಒಂದು ಕಡೆ, ಯಂತ್ರಗಳಿಗೆ ಅನುಕೂಲವಾದ ಎಕ್ಸ್‌ಎಂಎಲ್ ಎಂಬ ರೂಪ ಇನ್ನೊಂದು ಕಡೆ. ಎರಡರ ನಿಯಮವನ್ನೂ ಜೋಡಿಯಾಗಿ ಒಂದೇ ಕಡೆ ಬರೆಯುತ್ತೀರಿ. ಹೋಗಿ ಬರುವಾಗ ಗೊಂದಲ ಆಗುತ್ತದೆಯೇ ಎಂದು ಉಪಕರಣ ಮೊದಲೇ ಪರೀಕ್ಷಿಸುತ್ತದೆ. ಹೊಸದಾಗಿ, ಅಚ್ಚುಕಟ್ಟಾಗಿ ಕಟ್ಟುವ ಚಿಕ್ಕ ಭಾಷೆಗೆ ಇದು ಚೆನ್ನಾದ ವಿಧಾನ. ಹತ್ತು ವರ್ಷ ಜನ ತಮಗೆ ತೋಚಿದಂತೆ ಬರೆದ ಮೇಲೆ ವಿಕಿಪೀಡಿಯಕ್ಕೆ ಆ ಆಯ್ಕೆ ಉಳಿದಿರಲಿಲ್ಲ.

ತಂತ್ರಾಂಶ ಕೆಲಸದಲ್ಲಿರುವವರು ಇದೇ ಸಂಕಟವನ್ನು ಸೆಟ್ಟಿಂಗ್ಸ್ ಕಡತಗಳಲ್ಲಿ ಕಂಡಿರುತ್ತಾರೆ. ಯಾಮಲ್ ಎಂಬ ಸರಳ ಪಠ್ಯ ರೂಪದ ಒಂದು ಸೆಟ್ಟಿಂಗ್ಸ್ ಕಡತದಲ್ಲಿ ಯಾವುದೋ ಸಂಖ್ಯೆಯ ಪಕ್ಕ 'ಇದನ್ನು ಹೆಚ್ಚಿಸಬೇಡಿ, ಸರ್ವರ್ ನಿಲ್ಲುತ್ತದೆ' ಎಂಬ ಟಿಪ್ಪಣಿ ಇರುತ್ತದೆ. ಒಂದು ಪ್ರೋಗ್ರಾಂ ಆ ಕಡತ ಓದಿ, ಬೇರೊಂದು ಸಂಖ್ಯೆ ಬದಲಿಸಿ, ಮತ್ತೆ ಬರೆದಿಡುತ್ತದೆ. ಟಿಪ್ಪಣಿ ಮಾಯ. ಯಂತ್ರದ ಲೆಕ್ಕದಲ್ಲಿ ಏನೂ ಕಳೆದಿಲ್ಲ, ಯಾಕೆಂದರೆ ಟಿಪ್ಪಣಿ ಡೇಟಾ ಅಲ್ಲವೇ ಅಲ್ಲ. ಆದರೆ ಆ ಕಡತದಲ್ಲಿ ಮನುಷ್ಯರು ಮನುಷ್ಯರಿಗಾಗಿ ಬರೆದಿದ್ದ ಸಾಲು ಅದೊಂದೇ.

ಕನ್ನಡದ ವಿಷಯಕ್ಕೆ ಬಂದರೆ ಈ ನಷ್ಟಕ್ಕೆ ನಮ್ಮದೇ ಮುಖಗಳಿವೆ. ಅವು ಕಣ್ಣಿಗೆ ಕಾಣದ ಅಕ್ಷರಗಳಲ್ಲಿ ಅಡಗಿವೆ.

'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯುವಾಗ ಜ್ ಮತ್ತು ಕು ನಡುವೆ ಒಂದು ಅಗಲವಿಲ್ಲದ ಗುರುತು ಇರುತ್ತದೆ. ಅದನ್ನು ಯಾವುದಾದರೂ ಉಪಕರಣ 'ಬೇಡದ ಕಸ' ಎಂದು ಗುಡಿಸಿ ಹಾಕಿದರೆ 'ರಾಜ್ಕುಮಾರ್' ಆಗಿ ಕ ಒತ್ತಕ್ಷರವಾಗುತ್ತದೆ. 'ರ‍್ಯಾಂಕ್' ಎಂಬುದರಲ್ಲಿ ರ ಪೂರ್ತಿಯಾಗಿ ನಿಂತು ಅದಕ್ಕೆ ಯ ಒತ್ತು ಬರಬೇಕಾದರೆ ಇನ್ನೊಂದು ಕಾಣದ ಗುರುತು ಬೇಕು. ಅದು ಹೋದರೆ 'ರ್ಯಾಂಕ್' ಆಗಿ ಅರ್ಕಾವೊತ್ತು ಬರುತ್ತದೆ. ಪದಕ್ಕೆ ಬೇರೆಯೇ ರೂಪ. ಪುಟದ ಮೂಲ ಪಠ್ಯ ನೋಡಿದರೂ ಈ ಗುರುತುಗಳು ಕಣ್ಣಿಗೆ ಬೀಳುವುದಿಲ್ಲ. ಎಲ್ಲಿ ಕಳೆದವು ಎಂದು ಪತ್ತೆ ಮಾಡುವುದೂ ಕಷ್ಟ.

ಎಲ್ಲ ವ್ಯತ್ಯಾಸವೂ ನಷ್ಟವಲ್ಲ ಎಂಬುದನ್ನೂ ಹೇಳಬೇಕು. 'ಕೊ' ಎಂಬ ಅಕ್ಷರದ ಒತ್ವವನ್ನು, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಊತ್ವ ಎಂದು ಎರಡು ತುಂಡಾಗಿಯೂ ಇಡಬಹುದು. ಎರಡೂ ಸಮ ಎಂದು ಯೂನಿಕೋಡೇ ಹೇಳುತ್ತದೆ. ಮೀಡಿಯಾವಿಕಿ ಉಳಿಸುವಾಗ ಅದನ್ನು ಒಂದೇ ರೂಪಕ್ಕೆ ತರುತ್ತದೆ. ಎಲ್ಲರೂ ಮೊದಲೇ ಒಪ್ಪಿಕೊಂಡ ಒಂದು ರೂಪ ಇದ್ದರೆ ಹಳೆಯದನ್ನು ನೆನಪಿಡುವ ಅಗತ್ಯವಿಲ್ಲ. ಕಾಣದ ಗುರುತುಗಳಿಗೆ ಅಂಥ ಒಪ್ಪಂದ ಇಲ್ಲ. ಅವು ಬರೆದವರ ಆಯ್ಕೆ.

ಇನ್ನು ನುಡಿ, ಬರಹ ಕಾಲದ ಹಳೆಯ ಕಡತಗಳು. ಆ ಫಾಂಟುಗಳಲ್ಲಿ ಬರೆದ ಕನ್ನಡ ಕಂಪ್ಯೂಟರಿನ ಒಳಗೆ ಕನ್ನಡವೇ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬಿಡಿಸಿ ತೋರಿಸುತ್ತದೆ. ಹಾಗಾಗಿ ವರ್ಡ್ ಕಡತದಲ್ಲಿ 'ಈ ಭಾಗಕ್ಕೆ ಈ ಫಾಂಟು' ಎಂದು ಬರೆದಿರುವ ಮಾರ್ಕಪ್ ಅಲಂಕಾರಕ್ಕೆ ಇರುವುದಲ್ಲ, ಅರ್ಥವೇ ಅದರಲ್ಲಿದೆ. ಅದೇ ಕಡತವನ್ನು ಬರಿಯ ಪಠ್ಯವಾಗಿ ಉಳಿಸಿ ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಿದರೆ ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿ ಒಡೆಯುತ್ತವೆ. ಯಾವುದು ಇಂಗ್ಲಿಷ್, ಯಾವುದು ಕನ್ನಡದ ವೇಷ ಎಂದು ಹೇಳುವ ಒಂದೇ ಸಾಕ್ಷಿಯನ್ನು ನಾವೇ ಬಿಸಾಕಿರುತ್ತೇವೆ. ಕ್ರಮದ ಸಮಸ್ಯೆಯೂ ಇದೆ. 'ಸೂರ್ಯ'ದಲ್ಲಿ ಆ ಫಾಂಟುಗಳು ಯ ಆದ ಮೇಲೆ ಅರ್ಕಾವೊತ್ತನ್ನು ಇಡುತ್ತವೆ. ಯೂನಿಕೋಡ್‌ನಲ್ಲಿ ರ್ ಮೊದಲು, ಯ ಆಮೇಲೆ. ಇದನ್ನು ಹಿಂದುಮುಂದು ಮಾಡಬಹುದು, ಅದು ಕಷ್ಟವಲ್ಲ. ಆದರೆ ಹಳೆಯ ಕಡತದಲ್ಲಿ ಸರಿಯಾಗಿದ್ದ 'ರ‍್ಯಾಂಕ್' ಯೂನಿಕೋಡ್‌ಗೆ ಬರುವಾಗ ಕಾಣದ ಗುರುತನ್ನು ಕಳೆದುಕೊಂಡರೆ, ವಾಪಸ್ ಹೋಗುವಾಗ ಅರ್ಕಾವೊತ್ತಾಗಿಯೇ ಹೋಗುತ್ತದೆ. ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಇಂಥ ಕಡತಗಳು ಈಗಲೂ ಇವೆ. ಪರಿವರ್ತಿಸಿದ ಮೇಲೂ ಮೂಲ ಕಡತವನ್ನು ಅಳಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ಮತ್ತೆ ಚಾಟ್‌ಬಾಟ್‌ಗಳಿಗೆ ಬರೋಣ. ಅವು ಹೆಚ್ಚಾಗಿ ಬರೆಯುವುದು ಮಾರ್ಕ್‌ಡೌನ್‌ನಲ್ಲಿ. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಹೊರತಂದಾಗ ಅದೂ ಒಂದೇ ದಿಕ್ಕಿನದು: ಪಠ್ಯದಿಂದ ಎಚ್‌ಟಿಎಂಎಲ್‌ಗೆ. ಅದರಲ್ಲಿ ದಪ್ಪಕ್ಷರಕ್ಕೆ ಎರಡೆರಡು ನಕ್ಷತ್ರ, ವಾಟ್ಸ್ಆ್ಯಪ್‌ನಲ್ಲಿ ಒಂದೊಂದೇ, ವಿಕಿಯಲ್ಲಿ ನಕ್ಷತ್ರ ಎಂದರೆ ಪಟ್ಟಿ. ಹಾಗಾಗಿ ಅಂಟಿಸಿದ ಬರಹದಲ್ಲಿ ನಕ್ಷತ್ರಗಳು ಹಾಗೆಯೇ ಉಳಿದುಬಿಡುತ್ತವೆ. ಇದು ಕಣ್ಣಿಗೆ ಕಾಣುವ ತೊಂದರೆ, ಅಳಿಸಿದರೆ ಮುಗಿಯಿತು.

ಕಾಣದ ತೊಂದರೆ ಲೆನ್ಸ್‌ನ ಮೊದಲ ನಿಯಮ ಮುರಿಯುವುದರಲ್ಲಿದೆ. ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿ ಇಡೀ ಕಡತವನ್ನು ಪದಪದವಾಗಿ ಮತ್ತೆ ಹೆಣೆಯುವಾಗ, ಮುಟ್ಟದ ಭಾಗ ಹಾಗೆಯೇ ಬರುತ್ತದೆ ಎಂಬ ಭರವಸೆ ಅದರ ರಚನೆಯಲ್ಲೇ ಇಲ್ಲ. ಅದಕ್ಕೇ ಕೋಡ್ ಬರೆಯುವ ಎಷ್ಟೋ ಉಪಕರಣಗಳು ಈಗ ಮಾದರಿಯಿಂದ ಇಡೀ ಕಡತವನ್ನು ಕೇಳುವುದಿಲ್ಲ. 'ಈ ಸಾಲಿನ ಬದಲು ಈ ಸಾಲು' ಎಂಬಷ್ಟನ್ನು ಮಾತ್ರ ಕೇಳಿ, ಅದನ್ನು ಮೂಲ ಕಡತದ ಮೇಲೆ ತಾವೇ ಹಚ್ಚುತ್ತವೆ. ಪಾರ್ಸಾಯ್ಡ್ ಹಿಡಿದ ದಾರಿಯೇ ಇದು. ಕನ್ನಡ ಬರಹ ತಿದ್ದುವ ಉಪಕರಣ ಕಟ್ಟುವವರೂ ಇದನ್ನೇ ಮಾಡಬೇಕು ಎಂಬುದು ನನ್ನ ವಾದ. ಇಡೀ ಪ್ಯಾರಾ ಹೊಸದಾಗಿ ಬರೆಸಿಕೊಂಡು ಹಳೆಯದರ ಜಾಗದಲ್ಲಿ ಇಡುವುದು ನಮ್ಮ ಭಾಷೆಗೆ ಜಾಸ್ತಿ ಅಪಾಯ. ಇಂಗ್ಲಿಷಿನಲ್ಲಿ ಕಳೆಯುವುದು ಖಾಲಿ ಜಾಗ ಇರಬಹುದು, ನಮ್ಮಲ್ಲಿ ಪದದ ರೂಪವೇ ಕಳೆಯುತ್ತದೆ.

ವಿಕಿಮೀಡಿಯ ಈಗ ಓದುಗರಿಗೆ ಪುಟ ತೋರಿಸುವ ಕೆಲಸವನ್ನೂ ಹಳೆಯ ಪಾರ್ಸರ್‌ನಿಂದ (ವಿಕಿಟೆಕ್ಸ್ಟನ್ನು ಎಚ್‌ಟಿಎಂಎಲ್ ಮಾಡುತ್ತಿದ್ದ ಹಳೆಯ ಪ್ರೋಗ್ರಾಂನಿಂದ) ಪಾರ್ಸಾಯ್ಡ್‌ಗೆ ಹಂತಹಂತವಾಗಿ ವಹಿಸುತ್ತಿದೆ. ಪ್ರವಾಸ ಕೈಪಿಡಿಯಾದ ವಿಕಿವಾಯೇಜ್‌ನಂಥ ಚಿಕ್ಕ ಯೋಜನೆಗಳಿಂದ ಇದು ಶುರುವಾಯಿತು. ಹಳೆಯ ಪಾರ್ಸರ್ ಸುಮ್ಮನೆ ಸಹಿಸಿಕೊಂಡಿದ್ದ ಅರೆಬರೆ ಸಾಲುಗಳು ಹೊಸದರಲ್ಲಿ ಬೇರೆ ರೀತಿ ಕಾಣಬಹುದು. 2018ರಲ್ಲಿ ತಪ್ಪು ಟ್ಯಾಗುಗಳನ್ನು ಸರಿಪಡಿಸುತ್ತಿದ್ದ ಟೈಡಿ ಎಂಬ ಉಪಕರಣವನ್ನು ತೆಗೆದಾಗಲೂ ಹೀಗೇ ಆಗಿತ್ತು. ಆಗ ಬೇರೆ ಬೇರೆ ಭಾಷೆಯ ಸಂಪಾದಕರು ದೋಷಗಳ ಪಟ್ಟಿ ಹಿಡಿದು ಪುಟಗಳನ್ನು ಒಂದೊಂದಾಗಿ ತಿದ್ದಿದರು. ಆ ಪಟ್ಟಿ ಕನ್ನಡ ವಿಕಿಯ ವಿಶೇಷ ಪುಟಗಳಲ್ಲಿ ಈಗಲೂ ಇದೆ. ಟೆಂಪ್ಲೇಟುಗಳಿಂದ ಶುರುಮಾಡುವುದು ಒಳ್ಳೆಯದು. ಒಂದನ್ನು ಸರಿಮಾಡಿದರೆ ಅದನ್ನು ಬಳಸುವ ಎಲ್ಲ ಪುಟಗಳೂ ಸರಿಹೋಗುತ್ತವೆ.

ಪರಿವರ್ತಕ, ಎಡಿಟರ್, ತಿದ್ದುವ ಆ್ಯಪ್ ಏನನ್ನೇ ಕಟ್ಟುವವರಿಗೆ ಹತ್ತು ಸಾಲಿನ ಒಂದು ಪರೀಕ್ಷಾ ಕಡತ ಸಾಕು. ಅದರಲ್ಲಿ ರಾಜ್‌ಕುಮಾರ್ ಇರಲಿ, ರ‍್ಯಾಂಕ್ ಇರಲಿ, ಸೂರ್ಯ ಇರಲಿ, ಕನ್ನಡದ ನಡುವೆ ಒಂದೆರಡು ಇಂಗ್ಲಿಷ್ ಪದ, ಕನ್ನಡದ ಅಂಕಿ, 'ವರ್ಗ' ಎಂಬ ಒಂದು ಕೊಂಡಿ ಇರಲಿ. ಏನೂ ತಿದ್ದದೆ ಅತ್ತ ಕಳಿಸಿ, ಇತ್ತ ತರಿಸಿ, ಎರಡು ಕಡತಗಳನ್ನೂ ಬೈಟ್ ಬೈಟ್ ಹೋಲಿಸಿ. ವ್ಯತ್ಯಾಸ ಬಂದರೆ ಅದನ್ನು ಬಳಕೆದಾರರಿಗೆ ತೋರಿಸಿ, ಅವರು 'ಉಳಿಸು' ಒತ್ತುವ ಮೊದಲೇ.